ಏಪ್ರಿಲ್ ಏಳರವರೆಗೆ

ಹೃದಯದ ಡಾಕ್ಟರು ಆ ಮಾತನ್ನು ಹೇಳಲು ಹತ್ತು ನಿಮಿಷ ಸುತ್ತಿ ಬಳಸಿದರು. ಎದುರಿಗೆ ಕೂತಿದ್ದ ಎಸ್ತೇರಮ್ಮನವರಿಗೆ ಎಪ್ಪತ್ತೊಂಬತ್ತು ವರ್ಷ. ಸಿದ್ದಾಪುರದ ಪ್ರೈಮರಿ ಶಾಲೆಯೊಂದರಲ್ಲಿ ಹೆಡ್‌ಮಿಸ್ಟ್ರೆಸ್ಸಾಗಿ ರಿಟೈರಾದವರು, ಸುತ್ತಿ ಬಳಸುವ ಮಕ್ಕಳನ್ನು ನೋಡಿ ನೋಡಿ ಸಾಕಾದವರು. ಹಾರ್ಟು ನೂರಕ್ಕೆ ಇಪ್ಪತ್ತು ಭಾಗ ಮಾತ್ರ ಕೆಲಸ ಮಾಡುತ್ತಿದೆ, ಈ ವಯಸ್ಸಿಗೆ ಆಪರೇಷನ್ ಬೇಡ, ಮಾತ್ರೆಯಲ್ಲೇ ತಳ್ಳೋಣ ಎಂದು ಡಾಕ್ಟರು ಮಗ ಮನೋಜನ ಮುಖ ನೋಡಿಕೊಂಡು ಹೇಳುತ್ತಿದ್ದರೆ, ಇವರು ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆಗ ಡಿಸೆಂಬರ್ ಮೊದಲ ವಾರ.

"ಏಪ್ರಿಲ್ ಏಳರವರೆಗೆ ಇರ್ತೀನಾ? ಅಷ್ಟು ಹೇಳಿ ಸಾಕು."

ಮನೆಯಲ್ಲಿ ಮದುವೆ ಇರಬೇಕು ಅಂದುಕೊಂಡ ಡಾಕ್ಟರು ಮೊಮ್ಮಗಳದಾ ಎಂದು ನಗುತ್ತ ಕೇಳಿದರು. ಮದುವೆಯೂ ಇಲ್ಲ ಮುಂಜಿಯೂ ಇಲ್ಲ, ಏಪ್ರಿಲ್ ಏಳಕ್ಕೆ ಮುಂಚೆ ಸತ್ತರೆ ನನಗೆ ಮಲಗಲು ಜಾಗವಿಲ್ಲ ಎಂದರು ಎಸ್ತೇರಮ್ಮ. ಮನೋಜ ಕಣ್ಣು ಮುಚ್ಚಿಕೊಂಡ. ನಾಲ್ಕೈದು ತಿಂಗಳ ಮಾತನ್ನು ಯಾರೂ ಗ್ಯಾರಂಟಿ ಕೊಡಲಾರರು, ಉಪ್ಪು ಬಿಡಿ, ಸಿಟ್ಟು ಬಿಡಿ ಎಂದು ಡಾಕ್ಟರು ಚೀಟಿ ಬರೆದರು. ಉಪ್ಪು ಬಿಡಬಹುದಿತ್ತು.

ಜಾಗದ ಕತೆ ಹೀಗೆ. ಅವರ ಗಂಡ ಸತ್ಯಾನಂದಯ್ಯ, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, 2009ರಲ್ಲಿ ತೀರಿಕೊಂಡಾಗ ಎಸ್ತೇರಮ್ಮ ಚರ್ಚಿನ ಸಭೆಯ ಸಿಮೆಟ್ರಿಯಲ್ಲಿ ಎಂಟು ಅಡಿಯ ಜೋಡಿ ಗುಂಡಿ ತೋಡಿಸಿದ್ದರು. ಕೆಳಗೆ ಅವರು, ಕಾಲ ಬಂದಾಗ ಮೇಲೆ ಇವರು. ಎಲ್ಲ ಸರಿಯಾಗೇ ಇತ್ತು. ಮೂರು ವರ್ಷಕ್ಕೆ ಗಂಡನ ತಂಗಿ ಲೀಲಾವತಿ ಶುಭ ಶುಕ್ರವಾರದ ಬೆಳಿಗ್ಗೆ ಸತ್ತಳು. ಇಡೀ ಸಭೆ ಉಪವಾಸ ಕೂತು ಮೂರು ಗಂಟೆಯ ಆರಾಧನೆಗೆ ಹೊರಟಿರುವ ದಿನ! ಸಾಯುವುದಕ್ಕೂ ಹತ್ತು ಜನಕ್ಕೆ ತೊಂದರೆಯಾಗುವ ದಿನವನ್ನೇ ಆರಿಸಿಕೊಂಡಳಲ್ಲ ಎಂದು ಎಸ್ತೇರಮ್ಮನವರಿಗೆ ಈಗಲೂ ಅನ್ನಿಸುತ್ತದೆ. ಸಿಮೆಟ್ರಿ ಆಗಲೇ ತುಂಬಿತ್ತು. ಗೊಟ್ಟಿಗೆರೆ ಕಡೆಯ ಹೊಸ ಜಾಗ ಇನ್ನೂ ಸಭೆಯ ಕೈಗೆ ಬಂದಿರಲಿಲ್ಲ. ಲೀಲಾವತಿಯ ಗಂಡ ಬೆಂಜಮಿನ್ ಬಾಗಿಲಲ್ಲಿ ನಿಂತು ಗಳಗಳ ಅತ್ತ. ಅಳುವ ಗಂಡಸರನ್ನು ನೋಡಿ ಎಸ್ತೇರಮ್ಮನವರಿಗೆ ತಡೆಯುವುದಿಲ್ಲ. ಸಿಮೆಟ್ರಿ ಕಮಿಟಿಯವರು ಚಾಚಿದ ಕಾಗದಕ್ಕೆ ಸಹಿ ಹಾಕಿದರು.

ಮಾರನೆಯ ದಿನ, ಏಪ್ರಿಲ್ ಏಳಕ್ಕೆ, ಮಣ್ಣು ಮಾಡಿ ಮನೆಗೆ ಬಂದು ಕಾಫಿ ಲೋಟ ಬಾಯಿಗಿಟ್ಟ ಮೇಲೆಯೇ ಅವರಿಗೆ ಹೊಳೆದದ್ದು: ಅತ್ತೆಯ ಬೆಳ್ಳಿ ಚೊಂಬಿನ ವಿಷಯಕ್ಕೆ ತನ್ನೊಡನೆ ಇಪ್ಪತ್ತಾರು ವರ್ಷ ಮಾತು ಬಿಟ್ಟಿದ್ದ ನಾದಿನಿಯನ್ನು ತಾನೇ ಕೈಯಾರೆ ತನ್ನ ಜಾಗದಲ್ಲಿ ಮಲಗಿಸಿ ಬಂದಿದ್ದೇನೆ. ಬದುಕಿದ್ದಾಗಲೂ ಗಂಡ ಹೆಂಡಿರ ಮಧ್ಯೆ ಬರುತ್ತಿದ್ದಳು, ಸತ್ತ ಮೇಲೂ ಬಂದಳು. ಕಮಿಟಿಯ ರೂಲು ಏನೆಂದರೆ, ಎರಡೂ ಜಾಗ ತುಂಬಿ ಮುಚ್ಚಿದ ಗುಂಡಿಯನ್ನು ಹದಿನಾಲ್ಕು ವರ್ಷ ತುಂಬುವವರೆಗೆ ತೆರೆಯುವ ಹಾಗಿಲ್ಲ. ತುಂಬಿದ ಮೇಲೆ ಮೇಲಿನವರ ಮೂಳೆ ಆರಿಸಿ ಬಟ್ಟೆಯಲ್ಲಿ ಕಟ್ಟಿ ಮೂಲೆಗಿಟ್ಟು ಇನ್ನೊಬ್ಬರನ್ನು ಇಳಿಸಬಹುದು. ಆ ಹದಿನಾಲ್ಕು ವರ್ಷ ತುಂಬುವುದು 2026ರ ಏಪ್ರಿಲ್ ಏಳಕ್ಕೆ. ಅದಕ್ಕೆ ಮುಂಚೆ ಕಣ್ಣು ಮುಚ್ಚಿದರೆ ಗೊಟ್ಟಿಗೆರೆಯೇ ಗತಿ. ಸಾಯುವುದಕ್ಕೆ ಎಸ್ತೇರಮ್ಮ ಹೆದರಿದವರಲ್ಲ. ಗುರುತು ಪರಿಚಯ ಇಲ್ಲದವರ ಸಾಲಿನಲ್ಲಿ ಒಬ್ಬರೇ ಮಲಗಬೇಕಲ್ಲ, ಅದಕ್ಕೆ ಹೆದರುತ್ತಿದ್ದರು. ಸತ್ಯಾನಂದಯ್ಯನವರ ಪಕ್ಕ ಬೇಕಿತ್ತು, ಅಷ್ಟೆ.

ಜಯನಗರದಲ್ಲಿ ಅವರ ಪಕ್ಕದ ಮನೆಯ ಸರಸ್ವತಿ ಕಾಂಪೌಂಡಿನ ಆಚೆಯಿಂದ ಇದನ್ನೆಲ್ಲ ಕೇಳಿ ನಿಜವಾಗಿಯೂ ನೊಂದುಕೊಂಡರು. ತಮ್ಮಲ್ಲಿ ಈ ತಾಪತ್ರಯವೇ ಇಲ್ಲ, ಬನಶಂಕರಿ ಚಿತಾಗಾರ, ಮಾರನೆಯ ದಿನ ಪಶ್ಚಿಮವಾಹಿನಿಯಲ್ಲಿ ಅಸ್ಥಿ, ಮಧ್ಯಾಹ್ನ ಊಟಕ್ಕೆ ವಾಪಸ್ಸು ಎಂದು ವಿವರಿಸಿ, ತಾಳಿದವನು ಬಾಳಿಯಾನು ಎಂದು ಸಮಾಧಾನವನ್ನೂ ಹೇಳಿದರು. ನಾನು ತಾಳ್ತಿರೋದು ಬಾಳೋಕಲ್ಲ ಕಣ್ರೀ ಎಂದರು ಎಸ್ತೇರಮ್ಮ.

ಇನ್ನು ಅಯ್ಯನವರು. ಸಭಾಪಾಲಕ ರೆವರೆಂಡ್ ಪ್ರಭುದಾಸ್‌ಗೆ ಮೂವತ್ತನಾಲ್ಕು ವರ್ಷ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರವೂ ಅವರ ಪ್ರಸಂಗ ಒಂದೇ: ಕಾಯುವುದೇ ವಿಶ್ವಾಸ, ದೇವರ ಗಡಿಯಾರ ಬೇರೆ, ನಮ್ಮ ಗಡಿಯಾರ ಬೇರೆ. ಹೀಗೆ ಹೇಳುವ ಮನುಷ್ಯ ಸ್ವಿಗ್ಗಿಯವನು ಐದು ನಿಮಿಷ ತಡ ಮಾಡಿದರೆ ಗೇಟಿಗೆ ಬಂದು ನಿಲ್ಲುವುದನ್ನು ಎಸ್ತೇರಮ್ಮ ಕಣ್ಣಾರೆ ಕಂಡಿದ್ದರು. ಮನೆಗೆ ಬಂದು ತಲೆಯ ಮೇಲೆ ಕೈಯಿಟ್ಟು, ಕರ್ತನೇ ನಿನ್ನ ಚಿತ್ತದಂತೆಯೇ ಆಗಲಿ ಎಂದು ಅಯ್ಯನವರು ಪ್ರಾರ್ಥಿಸುತ್ತಿದ್ದಾಗ ಇವರು ಕಣ್ಣು ಬಿಟ್ಟು ತಡೆದರು. ಚಿತ್ತ ಗಿತ್ತ ಅಂತ ಅವನಿಗೇ ಬಿಡಬೇಡಿ, ಏಪ್ರಿಲ್ ಏಳು ಎಂದು ಬಾಯಿಬಿಟ್ಟು ಹೇಳಿ ಎಂದರು. ಅಯ್ಯನವರು ಹೇಳಿದರು. ಮಹಿಳಾ ಕೂಟದವರಿಗೂ ಹಾಗೇ ತಾಕೀತಾಯಿತು: ಏಳನೇ ತಾರೀಕಿನವರೆಗೆ ಗುಣವಾಗಲಿ ಎಂದು ಪ್ರಾರ್ಥಿಸುವುದು, ಎಂಟರಿಂದ ಅವರವರ ಇಷ್ಟ.

ಹೀಗೆ ಎಲ್ಲ ಬಂದೋಬಸ್ತು ಮಾಡಿಕೊಂಡು ಕೂತಿದ್ದಾಗ ಕ್ರಿಸ್‌ಮಸ್ಸಿನ ಮಧ್ಯಾಹ್ನ ಬೆಂಜಮಿನಣ್ಣ ಬಿಟಿಎಂ ಲೇಔಟಿನಿಂದ ಆಟೋದಲ್ಲಿ ಬಂದ. ಎಂಬತ್ತಾರು ವರ್ಷ, ಶುಗರ್ರು, ಎದೆಯಲ್ಲಿ ಪೇಸ್‌ಮೇಕರ್ರು. ಆದರೂ ಎರಡು ತಟ್ಟೆ ಬಿರಿಯಾನಿ ತಿಂದು, ಮೇಲೆ ಹಬ್ಬದ ಸಿಹಿ ಕಲ್ಕಲ್ ಕೇಳಿ ಹಾಕಿಸಿಕೊಂಡು, ಕೈ ಒರೆಸುತ್ತ, ಇನ್ನೇನು ಎಸ್ತೇರಮ್ಮ, ಮೂರು ತಿಂಗಳು ಚಿಲ್ಲರೆ, ಏಳನೇ ತಾರೀಕು ಕಳೆದರೆ ನಾನೂ ನಿಶ್ಚಿಂತೆಯಾಗಿ ಲೀಲಾ ಹತ್ತಿರ ಹೋಗಬಹುದು ಅಂದ.

ಎಸ್ತೇರಮ್ಮನವರ ಇಪ್ಪತ್ತು ಪರ್ಸೆಂಟ್ ಹಾರ್ಟು ಅಷ್ಟೂ ಧಸಕ್ಕೆಂದಿತು. ಮಾರನೆಯ ದಿನವೇ ಮನೋಜನನ್ನು ಹೊರಡಿಸಿಕೊಂಡು ಕಮಿಟಿ ಸೆಕ್ರೆಟರಿಯ ಹತ್ತಿರ ಹೋದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ಪೂಜಾರಿಯ ಜಾಗದಲ್ಲಿ ಕಮಿಟಿ. ಸೆಕ್ರೆಟರಿ ಹಳೆಯ ಫೈಲು ತೆಗೆದು 2012ರ ಕಾಗದ ಮುಂದಿಟ್ಟ. ಕೆಳಗೆ ಅವರದೇ ಮುತ್ತಿನಂಥ ಸಹಿ. ಅದರ ಮೇಲೆ ಟೈಪ್ ಮಾಡಿದ ಸಾಲು: ಇನ್ನು ಮುಂದೆ ಈ ಸಮಾಧಿಯ ಮೇಲೆ ಎರಡೂ ಕುಟುಂಬಕ್ಕೆ ಸಮಾನ ಹಕ್ಕು, ಮೊದಲು ಬಂದವರಿಗೆ ಆದ್ಯತೆ. ಪ್ರಶ್ನೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೀರಿ ಎಂದು ಮೂರು ತಲೆಮಾರಿನ ಮಕ್ಕಳ ಕಿವಿ ಹಿಂಡಿದ ಹೆಂಗಸು ತಾನು ಓದದೇ ಸಹಿ ಹಾಕಿದ್ದರು. ತಮ್ಮ ಕಿವಿಯನ್ನು ತಾವೇ ಹಿಂಡಿಕೊಳ್ಳುವುದೊಂದು ಬಾಕಿ.

ಈಗ ನೋಡಿ ಎಂಥ ಇಕ್ಕಟ್ಟು. ಏಪ್ರಿಲ್ ಏಳರವರೆಗೆ ಸಾಯುವಂತಿಲ್ಲ. ಏಳಾದ ಮೇಲೆ ತಡ ಮಾಡುವಂತಿಲ್ಲ. ಯಾರು ಮೊದಲು ಹೋದರೆ ಅವರಿಗೆ ಜಾಗ, ಉಳಿದವರಿಗೆ ಮತ್ತೆ ಹದಿನಾಲ್ಕು ವರ್ಷ. ಡಿಸೆಂಬರಿನಿಂದ ತಾಳ್ಮೆ ಕಲಿಯುತ್ತಿದ್ದ ಮುದುಕಿ ಏಪ್ರಿಲ್ ಏಳರ ಬೆಳಿಗ್ಗೆ ಹೊತ್ತಿಗೆ ಅದನ್ನೆಲ್ಲ ಮರೆತು ಓಡಬೇಕು!

ಆಮೇಲಿನ ಎರಡು ತಿಂಗಳು ಅವರು ಬೆಂಜಮಿನಣ್ಣನ ಯೋಗಕ್ಷೇಮ ವಿಚಾರಿಸಿದಷ್ಟು ಸ್ವಂತ ಮಗನದನ್ನೂ ವಿಚಾರಿಸಲಿಲ್ಲ. ದಿನಾ ಬೆಳಿಗ್ಗೆ ಫೋನು. ನಿದ್ದೆ ಬಂತಾ, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಾ, ಕಾಲು ಊದಿದೆಯಾ. ಆತ ಎಲ್ಲಕ್ಕೂ ಸಖತ್ತಾಗಿದೀನಿ ತಾಯಿ ಅನ್ನುತ್ತಿದ್ದ, ಇವರು ಕಾಲನ್ನು ಇನ್ನೊಂದು ಸಲ ಸರಿಯಾಗಿ ನೋಡಿಕೊಳ್ಳಿ ಅನ್ನುತ್ತಿದ್ದರು. ಯಾಕೆಂದರೆ ಲೆಕ್ಕ ಸುಲಭವಾಗಿತ್ತು. ಆತ ಏಳಕ್ಕೆ ಮುಂಚೆ ಹೋಗಿಬಿಟ್ಟರೆ ಆತನಿಗೆ ಗೊಟ್ಟಿಗೆರೆ, ಇವರ ದಾರಿ ನಿರಾತಂಕ. ಈ ಯೋಚನೆ ಬಂದಾಗಲೆಲ್ಲ ಎಸ್ತೇರಮ್ಮ ಗದರಿ ಹೊರಗೆ ಕಳಿಸುತ್ತಿದ್ದರು. ಅದು ಸಂಜೆಯ ಹೊತ್ತಿಗೆ ಮತ್ತೆ ಬಂದು ಸೋಫಾದ ಮೇಲೆ ಕೂತಿರುತ್ತಿತ್ತು.

ಮಾರ್ಚಿನಲ್ಲಿ, ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲದ ಒಂದು ಶುಕ್ರವಾರ, ಕಾಲು ಊದಿ, ಎರಡು ದಿಂಬಿಟ್ಟರೂ ಉಸಿರು ಸಾಲದೆ ಕೂತಿದ್ದಾಗ ಅವರು ಆ ಪ್ರಾರ್ಥನೆಯನ್ನು ಮಾಡಿಯೇಬಿಟ್ಟರು. ಅದಕ್ಕೆ ಕನಿಕರದ ಶಾಲು ಚೆನ್ನಾಗಿ ಹೊದಿಸಿ ಮಾಡಿದರು. ಕರ್ತನೇ, ಬೆಂಜಮಿನಣ್ಣ ಬಹಳ ನರಳುತ್ತಿದ್ದಾನೆ, ಅವನನ್ನು ಆದಷ್ಟು ಬೇಗ, ಸಾಧ್ಯವಾದರೆ ಈ ಹಬ್ಬದೊಳಗೆ, ನಿನ್ನ ಸನ್ನಿಧಿಗೆ ಸೇರಿಸಿಕೋ. ನರಳುತ್ತಿದ್ದವನು ಹಿಂದಿನ ದಿನವಷ್ಟೇ ಮಗ ರವಿಕುಮಾರನ ಜೊತೆ ಹೋಗಿ ಮಸಾಲೆ ದೋಸೆ ಹೊಡೆದು ಬಂದಿದ್ದ. ದೇವರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಆಮೆನ್ ಎಂದ ಮೇಲೆ ಎಸ್ತೇರಮ್ಮನವರಿಗೆ ಬಾಯಿ ಕಹಿಯಾಯಿತು. ಆದರೂ ಒಂದು ಧೈರ್ಯವಿತ್ತು. ಮಗು ಕೊಡು ಎಂದು ಕೇಳಿದ್ದಕ್ಕೆ ಒಂಬತ್ತು ವರ್ಷ ಕಾಯಿಸಿದವನು, ಪಿಂಚಣಿ ಕಾಗದಕ್ಕೆ ನಾಲ್ಕು ವರ್ಷ ಕಾಯಿಸಿದವನು. ತಮ್ಮ ಯಾವ ಪ್ರಾರ್ಥನೆಯನ್ನೂ ಅವನು ಸರಿಯಾದ ಹೊತ್ತಿಗೆ ಕೇಳಿದ ದಾಖಲೆ ಇರಲಿಲ್ಲ.

ಈಸ್ಟರ್ ಬಂತು, ಏಪ್ರಿಲ್ ಐದು. ಸೂರ್ಯ ಹುಟ್ಟುವ ಮೊದಲೇ ಸಭೆಯವರೆಲ್ಲ ಸಿಮೆಟ್ರಿಗೆ ಹೋಗಿ, ತಮ್ಮ ತಮ್ಮವರ ಸಮಾಧಿಗೆ ಸೇವಂತಿಗೆ ಹಾಕಿ, ಮೇಣದಬತ್ತಿ ಹಚ್ಚಿ, ಅಲ್ಲೇ ಆರಾಧನೆ ಮಾಡುವುದು ವಾಡಿಕೆ. ಮನೋಜ ಬೇಡವೆಂದರೂ ಎಸ್ತೇರಮ್ಮ ಹೊರಟರು. ಇನ್ನು ಎರಡೇ ದಿನ ಉಳಿದಿತ್ತು, ಗುಂಡಿಯ ಮೇಲೆ ಒಂದು ಕಣ್ಣಿರಬೇಡವೇ. ಹೋಗಿ ನೋಡಿದರೆ ಬೆಂಜಮಿನಣ್ಣ ಆಗಲೇ ಬಂದು ಸಮಾಧಿಯ ತಲೆಯ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದಾನೆ. ಬಿಳಿ ಅಂಗಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಇವರಿಗೂ ಪಕ್ಕದಲ್ಲಿ ಒಂದು ಕುರ್ಚಿ ಬಂತು. ಇಬ್ಬರೂ ಬಸ್ಸಿಗೆ ಕಾಯುವವರ ಹಾಗೆ ಕೂತರು.

ಮುಖ ಯಾಕೋ ಬಿಳಿಚಿಕೊಂಡಿದೆಯಲ್ಲ ಅಣ್ಣ ಎಂದು ಕೇಳಿದರು. ಸ್ನಾನ ಮಾಡುವಾಗ ಒಂಚೂರು ತಲೆ ಸುತ್ತಿತು, ರವಿಗೆ ಹೇಳಲಿಲ್ಲ, ಹೇಳಿದ್ದರೆ ಬಿಡುತ್ತಿರಲಿಲ್ಲ ಅಂದ. ಕಲ್ಲಿನ ಮೇಲೆ ಬಿದ್ದಿದ್ದ ಎಲೆಯನ್ನು ಕೋಲಿನಿಂದ ಸರಿಸುತ್ತ ಆತ ಒಂದು ಮಾತು ಹೇಳಿದ.

"ಹದಿನಾಲ್ಕು ವರ್ಷ ಆಯ್ತು ಎಸ್ತೇರಮ್ಮ, ನನ್ನ ಯಾರೂ ಬೈದಿಲ್ಲ. ಮಗ ಬೈಯಲ್ಲ, ಸೊಸೆ ಬೈಯಲ್ಲ. ಎಲ್ರೂ ಗೌರವ ಕೊಡ್ತಾರೆ. ಬೇಜಾರಾಗುತ್ತೆ."

ಲೀಲಾವತಿಯ ಬಾಯಿಗೆ ಹೆದರಿ ಬೀದಿಯ ನಾಯಿ ಕೂಡ ಆ ಮನೆಯ ಮುಂದೆ ಮಲಗುತ್ತಿರಲಿಲ್ಲ. ಅಂಥವಳ ಬೈಗುಳಕ್ಕೆ ಕಾಯುತ್ತ ಒಬ್ಬ ಮನುಷ್ಯ ಹದಿನಾಲ್ಕು ವರ್ಷ ದಿನ ಎಣಿಸಿದ್ದಾನೆ ಎಂದರೆ, ಪ್ರೀತಿಯೆನ್ನುವುದು ತಾನು ಅಂದುಕೊಂಡದ್ದಕ್ಕಿಂತ ಕೆಟ್ಟ ರೋಗವೇ ಇರಬೇಕು ಎಂದುಕೊಂಡರು ಎಸ್ತೇರಮ್ಮ. ಅಷ್ಟರಲ್ಲಿ ಅಯ್ಯನವರ ಪ್ರಾರ್ಥನೆ ಶುರುವಾಯಿತು.

ಪ್ರಭುದಾಸ್ ಅಯ್ಯನವರ ಪ್ರಾರ್ಥನೆಗೆ ಸ್ಟಾಪುಗಳು ಬಹಳ. ರಾಷ್ಟ್ರಪತಿಗಳಿಂದ ಹಿಡಿದು ಸಭೆಯ ಜನರೇಟರ್ ರಿಪೇರಿಯವರೆಗೆ ಎಲ್ಲ ಕಡೆ ನಿಂತು ಹತ್ತಿಸಿಕೊಂಡು ಅದು ಕೊನೆ ಮುಟ್ಟುವಾಗ ಪೂರ್ವದಲ್ಲಿ ಚೆನ್ನಾಗಿ ಬೆಳಕು ಹರಿದಿತ್ತು. ಆಮೆನ್ ಆಯಿತು. ಅಯ್ಯನವರು ಎರಡೂ ಕೈ ಎತ್ತಿ, ಕ್ರಿಸ್ತನು ಎದ್ದಿದ್ದಾನೆ ಎಂದು ಕೂಗಿದರು. ನಿಜವಾಗಿಯೂ ಎದ್ದಿದ್ದಾನೆ ಎಂದು ಇನ್ನೂರು ಜನ ಉತ್ತರ ಕೊಟ್ಟು, ಕುರ್ಚಿಯಲ್ಲಿದ್ದವರೆಲ್ಲ ಹಾಡಿಗೆ ಎದ್ದು ನಿಂತರು. ಬೆಂಜಮಿನಣ್ಣ ಏಳಲಿಲ್ಲ.

ಸಭೆಯಲ್ಲಿದ್ದ ಡಾಕ್ಟರಮ್ಮ ಓಡಿ ಬಂದು ನಾಡಿ ನೋಡಿ, ಎದೆ ಒತ್ತಿ, ಮತ್ತೆ ನೋಡಿ ತಲೆಯಾಡಿಸಿದರು. ಮನುಷ್ಯ ತನ್ನ ಹೆಂಡತಿಯಿಂದ ಮೂರಡಿ ದೂರದವರೆಗೆ ಬಂದು, ಎರಡು ದಿನ ಮುಂಚೆ ತಲುಪಿಬಿಟ್ಟಿದ್ದ. ರವಿಕುಮಾರ ಅಪ್ಪನ ಮಂಡಿ ಹಿಡಿದುಕೊಂಡು ಅತ್ತ. ಎಸ್ತೇರಮ್ಮನವರನ್ನು ಒಂಬತ್ತು ವರ್ಷ ಕಾಯಿಸಿದ ದೇವರು ಇದೊಂದನ್ನು ಮಾತ್ರ ಮೂರೇ ವಾರಕ್ಕೆ, ಕೇಳಿದ ಹಬ್ಬದೊಳಗೇ, ಮನೆ ಬಾಗಿಲಿಗೆ ತಂದುಕೊಟ್ಟಿದ್ದ.

ಅಳು ಒಂದು ಹಂತಕ್ಕೆ ಬಂದ ಮೇಲೆ ವ್ಯವಸ್ಥೆಯ ಮಾತು ಎದ್ದಿತು. ರವಿಕುಮಾರ ಸಮಾಧಿಯನ್ನೇ ನೋಡುತ್ತಿದ್ದ. ಸೆಕ್ರೆಟರಿ ಬೇಸರದಿಂದಲೇ ಹೇಳಿದ, ಇವತ್ತು ಐದು, ರೂಲ್ ಅಂದ್ರೆ ರೂಲು, ಏಳಕ್ಕೆ ಮುಂಚೆ ತೆಗೆಯುವಂತಿಲ್ಲ. ನೆಂಟರೆಲ್ಲ ಹಬ್ಬಕ್ಕೆ ಬಂದೇ ಇದ್ದಾರೆ, ನಾಳೆ ಸೋಮವಾರ ಗೊಟ್ಟಿಗೆರೆಯಲ್ಲಿ ಮುಗಿಸೋಣ ಎಂದು ನಾಲ್ಕು ಜನ ತೀರ್ಮಾನಿಸಿ ಆಗಲೇ ಫೋನು ತೆಗೆದಿದ್ದರು. ಮಹಿಳಾ ಕೂಟದ ಒಬ್ಬಾಕೆ ಎಸ್ತೇರಮ್ಮನವರ ಕೈಯನ್ನು ಮೆತ್ತಗೆ ಅದುಮಿದಳು, ಪರೀಕ್ಷೆ ಪಾಸಾದವರ ಕೈ ಅದುಮುವ ಹಾಗೆ. ಆಗ ಅವರಿಗೆ ನಾಚಿಕೆಯಾಯಿತು. ಸಾಯುವಷ್ಟು ನಾಚಿಕೆ. ಸಾಯಲಿಕ್ಕೂ ಇನ್ನೂ ಎರಡು ದಿನ ಬಾಕಿ.

ಅವರು ಕುರ್ಚಿಯ ಕೈ ಹಿಡಿದು ಎದ್ದರು. ರವೀ, ಅಪ್ಪನ್ನ ಫ್ರೀಜರ್ ಪೆಟ್ಟಿಗೆಯಲ್ಲಿಡು, ಮಂಗಳವಾರ ಇಲ್ಲೇ ಮಣ್ಣು ಮಾಡೋಣ ಎಂದರು. ಎಲ್ಲರೂ ತಿರುಗಿ ನೋಡಿದರು. ಅಮ್ಮ, ಅದು ನಿಮ್ಮ ಜಾಗ, ಈಗ ತೆರೆದು ಮುಚ್ಚಿದರೆ ಮತ್ತೆ ತೆರೆಯುವುದು 2040ಕ್ಕೆ ಎಂದು ಸೆಕ್ರೆಟರಿ ಎಚ್ಚರಿಸಿದ. ಲೆಕ್ಕ ನನಗೂ ಬರುತ್ತೆ ಎಂದರು. ರವಿಕುಮಾರನಿಗೆ ಒಪ್ಪಿಕೊಳ್ಳಲು ಬಾಯಿ ಬರಲಿಲ್ಲ. ಎರಡು ದಿನ ಹೇಗೆ ಅತ್ತೆ, ಎಲ್ಲರನ್ನೂ ಕಾಯಿಸಬೇಕಾಗುತ್ತೆ ಅಂದ.

"ಯೇಸುಸ್ವಾಮಿನೇ ಮೂರನೇ ದಿನದವರೆಗೆ ಕಾದಿದಾನೆ," ಅಂದರು ಎಸ್ತೇರಮ್ಮ. "ನಿಮ್ಮಪ್ಪ ಹದಿನಾಲ್ಕು ವರ್ಷ ಕಾದಿದಾನೆ. ಇವರಿಗೇನು ಎರಡು ದಿನ ಕಾಯೋಕೆ? ಅಲ್ಲದೆ ನಿಮ್ಮಮ್ಮನ ಜೊತೆಗೆ ಯಾರಾದ್ರೂ ಇರ್ಬೇಕು. ಇಲ್ದಿದ್ರೆ ಕೆಳಗೆ ಮಲಗಿರೋ ನಮ್ಮನೆಯವರ ತಲೆ ತಿಂತಾಳೆ."

ಅಯ್ಯನವರು ಇದನ್ನು ತ್ಯಾಗವೆಂದು ಕರೆದು ಅಲ್ಲೇ ಇನ್ನೊಂದು ಪ್ರಾರ್ಥನೆಗೆ ಕೈ ಎತ್ತಿದರು. ಎಸ್ತೇರಮ್ಮ ಬೇಡವೆಂದರು. ಆ ಮಾರ್ಚಿನ ಶುಕ್ರವಾರದ ವಿಷಯವನ್ನು ಅವರಿಗೆ ಹೇಳಿಬಿಡೋಣವೆಂದು ಒಮ್ಮೆ ಅನ್ನಿಸಿತು. ಹೇಳಲಿಲ್ಲ. ಹೇಳಬೇಕಾದವನಿಗೆ ಗೊತ್ತೇ ಇತ್ತು, ಅವನ ಜೊತೆ ಆ ಜಗಳ ಬೇರೆ ಆಡುವುದಿತ್ತು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಗುಂಡಿ ತೆರೆದಿತ್ತು. ಸಿಮೆಟ್ರಿಯ ಹನುಮಯ್ಯ ಒಳಗಿಳಿದು ಲೀಲಾವತಿಯನ್ನು ಒಂದು ಹೊಸ ಬಿಳಿ ಬಟ್ಟೆಯಲ್ಲಿ ಕಟ್ಟಿ ಮೂಲೆಗಿಟ್ಟಿದ್ದ. ಇಷ್ಟೇ ಇಷ್ಟು ಗಂಟು. ಇದರ ಮೇಲೆ ಇಪ್ಪತ್ತಾರು ವರ್ಷ ಸಿಟ್ಟು ಮಾಡಿದೆನಲ್ಲ ಎಂದು ಎಸ್ತೇರಮ್ಮನವರಿಗೆ ಅಳು ಬಂತು, ಅತ್ತರು. ಬೆಂಜಮಿನಣ್ಣನ ಪೆಟ್ಟಿಗೆ ಇಳಿಯಿತು. ಒಬ್ಬೊಬ್ಬರಾಗಿ ಬಂದು ಮೂರು ಮೂರು ಹಿಡಿ ಮಣ್ಣು ಹಾಕಿದರು. ಇವರ ಸರದಿ ಬಂದಾಗ ಮನೋಜ ತೋಳು ಹಿಡಿದುಕೊಂಡ. ಅಮ್ಮ, ಮತ್ತೆ ನೀನು ಎಲ್ಲಿಗೆ ಎಂದು ಕೇಳಿದ.

ಗೊಟ್ಟಿಗೆರೆಗೆ ಹೋಗ್ತೀನಿ ಕಣೋ, ಇನ್ನೆಲ್ಲಿಗೆ ಎಂದರು. ಪಕ್ಕದಲ್ಲಿದ್ದ ಅಯ್ಯನವರು, ಕಡೇ ತುತ್ತೂರಿಯ ದಿನ ಎಲ್ಲರೂ ಸಮಾಧಿಯಿಂದ ಒಟ್ಟಿಗೇ ಏಳುತ್ತೇವೆ ಎಸ್ತೇರಮ್ಮನವರೇ, ಆ ದಿನ ದೂರ ಹತ್ತಿರ ಅನ್ನುವುದೇ ಇರುವುದಿಲ್ಲ ಎಂದು ಸಂತೈಸಿದರು. ನೀವು ಗೊಟ್ಟಿಗೆರೆಯಿಂದ ಬನ್ನೇರುಘಟ್ಟ ರೋಡಿನ ಟ್ರಾಫಿಕ್ಕಲ್ಲಿ ಯಾವತ್ತೂ ಬಂದಿಲ್ಲ ಅನ್ಸುತ್ತೆ ಅಯ್ಯನವರೇ ಎಂದು ಹೇಳಿ, ಮನೋಜನ ತೋಳಿನ ಮೇಲೆ ಭಾರ ಬಿಟ್ಟು ಎಸ್ತೇರಮ್ಮ ಗುಂಡಿಯ ಕಡೆ ಬಗ್ಗಿದರು. ಬೆಂಜಮಿನಣ್ಣನಿಗೆ ಮೂರು ಹಿಡಿ ಹಾಕಿದರು. ಆಮೇಲೆ ಅವನನ್ನೂ ಅವನ ಹೆಂಡತಿಯನ್ನೂ ದಾಟಿ, ಎಲ್ಲಕ್ಕಿಂತ ಕೆಳಗಿದ್ದವರಿಗೆ ಕೇಳಿಸಲೆಂದು ಶಾಲೆಯ ಅಂಗಳದ ದನಿಯಲ್ಲಿ ಹೇಳಿದರು.

"ರೀ, ಕೇಳಿಸ್ತಾ? ಪ್ರೆಸ್ಸಿಂದ ನೀವು ಬರೋವರೆಗೆ ನಲವತ್ತೊಂದು ವರ್ಷ ತಟ್ಟೆ ಮುಚ್ಚಿಟ್ಕೊಂಡು ಕಾದಿದೀನಿ. ತುತ್ತೂರಿ ಊದಿದ ದಿನ ನಾನು ಬರೋದು ಸ್ವಲ್ಪ ಲೇಟಾಗುತ್ತೆ. ಎದ್ದ ತಕ್ಷಣ ಎಲ್ರ ಜೊತೆ ಹೊರಟುಬಿಡ್ಬೇಡಿ. ಇಲ್ಲೇ ಕೂತು ಕಾಯ್ತಿರಿ."

ಯಾರೂ ನಗಲಿಲ್ಲ. ಗುದ್ದಲಿ ಹಿಡಿದು ನಿಂತಿದ್ದ ಹನುಮಯ್ಯ, ಅವರು ನೆಟ್ಟಗಾಗಿ ಸೆರಗಿನಿಂದ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿಯುವವರೆಗೂ ಮಣ್ಣು ಎಳೆಯಲಿಲ್ಲ.